ಕ್ಷಮೆ ಬೇಡದವಳು

ಇಂದುಮತಿ ಪತ್ತಾರಳಿಗೆ ಬಂದ ಅಂಕ ಹನ್ನೊಂದು.

ಪರೀಕ್ಷೆ ನಡೆಸಿದ ತಂತ್ರಜ್ಞ ಯಂತ್ರವೇ ಕೆಟ್ಟಿರಬೇಕೆಂದು ಅದನ್ನು ಆರಿಸಿ, ಮತ್ತೆ ಹಚ್ಚಿ, ಅವಳ ತಲೆಯ ಮೇಲಿನ ಪಟ್ಟಿಯನ್ನು ಬಿಗಿಮಾಡಿ ಇನ್ನೊಮ್ಮೆ ನೋಡಿದ. ಮತ್ತೆ ಹನ್ನೊಂದೇ.

"ಮೇಡಮ್ಮರ, ಆವತ್ತು ನಿಮಗ ಅಂಜಿಕಿ ಆಗಲಿಲ್ಲೇನ್ರಿ?" ಎಂದು ಕೇಳಿದ.

"ಆಮೇಲ ಆತು," ಎಂದಳು ಇಂದುಮತಿ. "ಆಗ ಅಂಜಾಕ ಪುರಸೊತ್ತ ಇರಲಿಲ್ಲ."

ಆ ಯಂತ್ರಕ್ಕೆ ಸರ್ಕಾರ ಇಟ್ಟ ಹೆಸರು ಅಂತರ್ಮಾಪಕ. ವಿಜಯಪುರದ ಜನ ಅದನ್ನು ಟೊಪ್ಪಿಗಿ ಎನ್ನುತ್ತಿದ್ದರು. ಆರೋಪಿಯ ತಲೆಗೆ ಅದನ್ನು ತೊಡಿಸಿ, ನಡೆದದ್ದನ್ನು ಮೊದಲಿನಿಂದ ನೆನಪಿಸಿಕೊಳ್ಳಲು ಹೇಳುತ್ತಾರೆ. ನೆನಪು ಕದಲಿದಾಗ ಆ ಗಳಿಗೆಯಲ್ಲಿ ಕೆಲಸ ಮಾಡಿದ್ದ ಮಿದುಳಿನ ಭಾಗಗಳು ಮತ್ತೊಮ್ಮೆ ಮಿಸುಕುತ್ತವೆ. ಹೆದರಿಕೆಯ ಭಾಗ ಎಷ್ಟು ಮಿಸುಕಿತು, ಲೆಕ್ಕಾಚಾರದ ಭಾಗ ಎಷ್ಟು ಮಿಸುಕಿತು ಎಂದು ಹೋಲಿಸಿ ಯಂತ್ರ ನೂರಕ್ಕೆ ಒಂದು ಅಂಕ ಕೊಡುತ್ತದೆ. ಎಪ್ಪತ್ತು ದಾಟಿದರೆ, ಮನುಷ್ಯ ತನ್ನ ಸ್ವಾಧೀನದಲ್ಲಿ ಇರಲಿಲ್ಲವೆಂದು ನ್ಯಾಯಾಲಯ ಒಪ್ಪಿಕೊಂಡು ಕ್ಷಮಿಸುತ್ತದೆ. ಆರು ತಿಂಗಳ ಚಿಕಿತ್ಸೆ, ಆಮೇಲೆ ಮನೆ. ಎಪ್ಪತ್ತರ ಕೆಳಗಾದರೆ ಶಿಕ್ಷೆ. ವರ್ಷಗಟ್ಟಲೆ ಎಳೆಯುತ್ತಿದ್ದ ಮೊಕದ್ದಮೆಗಳು ತಿಂಗಳೆರಡರಲ್ಲಿ ಮುಗಿಯತೊಡಗಿದಾಗ ಜನ ನೆಮ್ಮದಿಯ ನಿಟ್ಟುಸಿರು ಬಿಟ್ಟಿದ್ದರು. ವಕೀಲರ ಮಾತಿಗಿಂತ ಮಿದುಳಿನ ಮಾತು ನಿಜ ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಇಂದುಮತಿಯ ಮೇಲಿದ್ದ ಆರೋಪ, ಒಬ್ಬ ಮನುಷ್ಯನ ಸಾವಿಗೆ ಕಾರಣವಾದದ್ದು.

ಅವಳು ನಗರದ ವಿದ್ಯುತ್ ನಿಯಂತ್ರಣ ಕೊಠಡಿಯಲ್ಲಿ ಹದಿನೇಳು ವರ್ಷ ದುಡಿದವಳು. ಯಾವ ಬಡಾವಣೆಗೆ ಎಷ್ಟು ಕರೆಂಟು, ಕೊರತೆಯಾದರೆ ಯಾರಿಗೆ ಮೊದಲು ಕಡಿತ ಎಂಬುದನ್ನೆಲ್ಲ 'ಸಮತೋಲ' ಎಂಬ ಗಣಕ ವ್ಯವಸ್ಥೆಯೇ ತೀರ್ಮಾನಿಸುತ್ತಿತ್ತು. ಮನುಷ್ಯರ ಕೈಯಲ್ಲಿ ಇದ್ದಾಗ ಮಂತ್ರಿಗಳ ಫೋನು, ದೊಡ್ಡವರ ವಶೀಲಿ ನಡೆಯುತ್ತಿತ್ತೆಂದು ಕೈಯಿಂದ ಬದಲಿಸುವ ಹಿಡಿಕೆಗೆ ಗಾಜು ಹಾಕಿ ಮೊಹರು ಒತ್ತಿದ್ದರು. ಗಾಜು ಒಡೆಯುವುದು ಅಪರಾಧ. ಒಡೆದದ್ದರಿಂದ ಜೀವ ಹೋದರೆ ಹತ್ತು ವರ್ಷದವರೆಗೆ ಸೆರೆ.

ಆ ಮೇ ತಿಂಗಳ ಮಧ್ಯಾಹ್ನ ನಲವತ್ತೇಳು ಡಿಗ್ರಿ ಬಿಸಿಲು. ಎರಡು ಗಂಟೆ ಎಂಟು ನಿಮಿಷಕ್ಕೆ ಹೆರಿಗೆ ಆಸ್ಪತ್ರೆಯ ನರ್ಸ್ ಒಬ್ಬಳು ಫೋನ್ ಮಾಡಿದಳು.

"ಮೇಡಮ್, ಹೊಸ ಕಟ್ಟಡಕ್ಕ ಲೈಟ್ ಹೋಗೈತ್ರಿ. ಜನರೇಟರ್ ಕಾವಿಗೆ ನಿಂತೈತಿ. ಹದಿನೆಂಟು ಕೂಸು ಮಷೀನ್ ಮ್ಯಾಲ ಅದಾವ. ಬ್ಯಾಟರಿ ಹದಿನಾಲ್ಕು ನಿಮಿಷ ಅಂತ ತೋರಸಾಕತ್ತೇತಿ."

ಇಂದುಮತಿ ಪರದೆ ನೋಡಿದಳು. ಆ ಕಟ್ಟಡ ದಾಖಲೆಯಲ್ಲಿ ನರ್ಸುಗಳ ವಸತಿಗೃಹವೆಂದೇ ಉಳಿದಿತ್ತು. ಮೂರು ವರ್ಷದ ಹಿಂದೆ ಅದನ್ನು ಹಸುಗೂಸುಗಳ ವಾರ್ಡು ಮಾಡಿದವರು ವಿದ್ಯುತ್ ಇಲಾಖೆಗೆ ತಿಳಿಸಿರಲಿಲ್ಲ. ಸಮತೋಲಕ್ಕೆ ಅದು ಬರೀ ಮನೆ, ಮೊದಲು ಕಡಿತಗೊಳ್ಳುವ ಸಾಲಿನದು. ಮೇಲಧಿಕಾರಿಗೆ ಫೋನ್ ಮಾಡಿದಳು. ದಾಖಲೆ ತಿದ್ದಲು ಎರಡು ಸಹಿ ಬೇಕು, ಮೂರು ಗಂಟೆಗೆ ವ್ಯವಸ್ಥೆ ಮರುಲೆಕ್ಕ ಹಾಕುತ್ತದೆ, ಅಲ್ಲಿಯವರೆಗೆ ಕಾಯಿರಿ ಎಂದರು ಅವರು.

ಬಡಾವಣೆಗಳಿಗೆ ಕರೆಂಟು ಒಯ್ಯುವ ಯಾವ ಒಂದು ಫೀಡರ್ ಲೈನ್ ತೆಗೆದರೆ ಆಸ್ಪತ್ರೆಗೆ ಸಾಕಾಗುತ್ತದೆಂದು ಅವಳು ಸಮತೋಲವನ್ನೇ ಕೇಳಿದಳು. ಸೊಲ್ಲಾಪುರ ರಸ್ತೆಯ ವಸತಿ ಸಮುಚ್ಚಯಗಳದ್ದು ಎಂದು ಉತ್ತರ ಬಂತು. ಅದರ ಕೆಳಗೆ ಕೆಂಪಕ್ಷರದ ಎಚ್ಚರಿಕೆ: ಒಂದು ಮನೆಯಲ್ಲಿ ಉಸಿರಾಟದ ಯಂತ್ರ, ಬ್ಯಾಟರಿ ನಲವತ್ತು ನಿಮಿಷ. ಆ ಮನೆಗೆ ಎರಡು ಸಲ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಅಲ್ಲಿಗೆ ಆಂಬುಲೆನ್ಸ್ ಕಳಿಸಲು ಹೇಳಿದಳು. ರಿಜಿಸ್ಟರಿನಲ್ಲಿ ವೇಳೆ ಬರೆದು, 'ಗಾಜು ಒಡೆಯುತ್ತಿದ್ದೇನೆ, ಕಾರಣ ಹದಿನೆಂಟು ಶಿಶುಗಳು' ಎಂದು ಬರೆದು ಸಹಿ ಹಾಕಿದಳು. ಆಮೇಲೆ ಸ್ಟೀಲ್ ನೀರಿನ ಬಾಟಲಿಯಿಂದ ಗಾಜು ಒಡೆದು, ಸೊಲ್ಲಾಪುರ ರಸ್ತೆಯ ಕರೆಂಟನ್ನು ಆಸ್ಪತ್ರೆಗೆ ತಿರುಗಿಸಿದಳು.

ಹದಿನೆಂಟೂ ಕೂಸುಗಳು ಉಳಿದವು. ಸೊಲ್ಲಾಪುರ ರಸ್ತೆಯ ಮನೆಯ ಬ್ಯಾಟರಿ ಹಳೆಯದಾಗಿತ್ತು. ನಲವತ್ತು ನಿಮಿಷ ನಡೆಯಬೇಕಾದದ್ದು ಒಂಬತ್ತೇ ನಿಮಿಷಕ್ಕೆ ನಿಂತಿತು. ಆಂಬುಲೆನ್ಸ್ ಮುಟ್ಟುವಷ್ಟರಲ್ಲಿ ನಿವೃತ್ತ ಚಿತ್ರಕಲಾ ಶಿಕ್ಷಕ ಚಿದಾನಂದ ಬಿರಾದಾರರ ಉಸಿರು ನಿಂತಿತ್ತು.

ಅಂಕ ಬಂದ ದಿನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಗಂಡ ಗುರುಸಿದ್ಧ ಲೇಥ್ ಅಂಗಡಿಯಿಂದ ಬೇಗ ಬಂದಿದ್ದ. ಮಗಳು ಸಿಂಚನಾ ಕಾಲೇಜಿಗೆ ಹೋಗಿ ಅರ್ಧಕ್ಕೇ ಹಿಂತಿರುಗಿದ್ದಳು. ಅಂಕದ ಸುದ್ದಿ ಅವಳಿಗಿಂತ ಮೊದಲೇ ಕಾಲೇಜಿಗೆ ಹೋಗಿತ್ತು.

"ಕಲ್ಲ ಎದಿಯಾಕಿ ಮಗಳು ಅಂತಾರವ್ವಾ," ಎಂದಳು ಸಿಂಚನಾ. ರೊಟ್ಟಿ ಮುರಿದಳು, ಬಾಯಿಗೆ ಇಡಲಿಲ್ಲ.

ಗುರುಸಿದ್ಧ ಹೆಂಡತಿಯ ಕಡೆ ತಿರುಗಿದ. "ಇಂದು, ಮೂವತ್ತು ದಿನದಾಗ ಇನ್ನೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಾಕ ಬರತೈತಿ. ಸ್ಟೇಷನ್ ರಸ್ತಾದಾಗ ಕೋಚಿಂಗ್ ಅದಾವ. ನಮ್ಮ ಅಂಗಡಿ ಎದುರಿನ ಹುಡುಗ ನಲವತ್ತರಿಂದ ಎಪ್ಪತ್ತೆರಡಕ್ಕ ಬಂದಾನ."

"ಅಲ್ಲಿ ಏನ ಕಲಸ್ತಾರ?"

"ಅಂಜಿಕಿ. ಅಂಜಿಕೊಂಡು ನೆನಸೋದನ್ನ ಕಲಸ್ತಾರ."

ಅದು ಊರಿಗೆಲ್ಲ ಗೊತ್ತಿದ್ದ ವ್ಯವಹಾರ. ಕತ್ತಲೆ ಕೋಣೆಯಲ್ಲಿ ಕೂರಿಸಿ, ಸೈರನ್ ಕೂಗಿಸಿ, ಎದೆ ಡವಗುಟ್ಟುವ ಮಾತ್ರೆ ಕೊಟ್ಟು, ಅದೇ ಘಟನೆಯನ್ನು ದಿನಕ್ಕೆ ಹತ್ತು ಸಲ ನೆನಪಿಸುತ್ತಿದ್ದರು. ಕಾನೂನು ಅದನ್ನು ತಡೆದಿರಲಿಲ್ಲ. ನಡೆದದ್ದನ್ನು ಸರಿಯಾಗಿ ನೆನಪಿಸಿಕೊಳ್ಳಲು ನೆರವಾಗುತ್ತೇವೆ ಎಂದು ಅವರು ಫಲಕ ಹಾಕಿಕೊಂಡಿದ್ದರು.

"ನಾ ಅಂಜಿಲ್ಲಲ್ರಿ," ಎಂದಳು ಇಂದುಮತಿ.

"ಯಾರ ಕೇಳತಾರ ಅದನ್ನ? ಮನಿಗೆ ಬಂದರ ಸಾಕು ನನಗ."

ಇಂದುಮತಿ ಅವನ ತಾಟಿಗೆ ಪುಂಡಿಪಲ್ಯ ಬಡಿಸಿದಳು.

ಮರುದಿನ ಅವಳು ಹಿಂದಿನ ಓಣಿಯ ಕಸ್ತೂರಿಯ ಮನೆಗೆ ಹೋದಳು. ಕಸ್ತೂರಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದವಳು. ಎರಡು ವರ್ಷದ ಹಿಂದೆ ಅಂಗಡಿಗೆ ನುಗ್ಗಿ ಕುತ್ತಿಗೆ ಹಿಚುಕಿದವನನ್ನು ಇಸ್ತ್ರಿ ಪೆಟ್ಟಿಗೆಯಿಂದ ಹೊಡೆದಿದ್ದಳು, ಅವನು ಸತ್ತಿದ್ದ. ಮೊದಲ ಪರೀಕ್ಷೆಯಲ್ಲಿ ಐವತ್ತೆಂಟು ಬಂದಿತ್ತು. ಕೋಚಿಂಗ್ ಆದಮೇಲೆ ಎಪ್ಪತ್ತನಾಲ್ಕು. ಬಿಡುಗಡೆಯಾಗಿತ್ತು.

"ಆವತ್ತ ನನಗ ಸಿಟ್ಟ ಬಂದಿತ್ತಕ್ಕಾರ, ಅಂಜಿಕಿ ಅಲ್ಲ," ಎಂದಳು ಕಸ್ತೂರಿ. ಅವಳು ಬಾಗಿಲಿಗೆ ಮುಖಮಾಡಿಯೇ ಕೂತಿದ್ದಳು. "ಅವನ ಕೈ ಬಿಡಿಸಿಕೊಂಡೆ, ಹೊಡದೆ. ನಾ ಗೆದ್ದೆ ಅಂತ ಅನಿಸಿತ್ತು. ಕೋಚಿಂಗಿನಾಗ ಅದನ್ನ ಅಂಜಿಕಿ ಮಾಡಿದರು. ಈಗ ನೆನಸಿದರ ಆ ಸಿಟ್ಟ ಸಿಗೂದ ಇಲ್ಲ. ಬರೀ ನಡುಕ. ಇಸ್ತ್ರಿ ಪೆಟ್ಟಿಗಿ ನೋಡಿದರ ಕೈ ನಿಲ್ಲಂಗಿಲ್ಲ."

ಇದಕ್ಕೆ ಕಾರಣವನ್ನು ಇಂದುಮತಿ ಪರೀಕ್ಷೆ ನಡೆಸಿದ ತಂತ್ರಜ್ಞನಿಂದಲೇ ಕೇಳಿ ತಿಳಿದಿದ್ದಳು. ನೆನಪನ್ನು ಹೊರತೆಗೆದಾಗಲೆಲ್ಲ ಮಿದುಳು ಅದನ್ನು ಹೊಸದಾಗಿ ಬರೆದು ಒಳಗಿಡುತ್ತದೆ. ಆಗ ಮನಸ್ಸಿನಲ್ಲಿ ಏನಿದೆಯೋ ಅದೂ ಸೇರಿಕೊಳ್ಳುತ್ತದೆ. ಹೆದರಿಕೆ ಬೆರೆಸಿ ನೂರು ಸಲ ಬರೆದರೆ ಹಳೆಯದು ಉಳಿಯುವುದಿಲ್ಲ.

"ಅಂಗಡಿ?" ಎಂದು ಕೇಳಿದಳು.

"ಕ್ಷಮೆ ಸಿಕ್ಕವರ ಹೆಸರು ನಿಗಾ ಪಟ್ಟಿಯೊಳಗ ಇರತೈತ್ರಿ. ಕತ್ರಿ, ಇಸ್ತ್ರಿ ಇಟಗೊಂಡ ಅಂಗಡಿಗೆ ಲೈಸೆನ್ಸ್ ಕೊಡಂಗಿಲ್ಲ. ಮತ್ತ ಯಾವಾಗ ತಲಿ ಕೆಡತೈತೋ ಅಂತ."

ಅಲ್ಲಿಂದ ಇಂದುಮತಿ ನೇರ ವಕೀಲೆ ಜುಬೇದಾ ನದಾಫರ ಕಚೇರಿಗೆ ಹೋದಳು. ಜುಬೇದಾ ಅರವತ್ತು ದಾಟಿದವರು. ಅಂತರ್ಮಾಪಕ ಬಂದ ಮೇಲೆ ಅವರ ಕೆಲಸ ಅರ್ಜಿ ತುಂಬುವುದಕ್ಕೆ ಇಳಿದಿತ್ತು. ಮರುಪರೀಕ್ಷೆಯ ಅರ್ಜಿಯನ್ನು ಅವರು ಆಗಲೇ ತುಂಬಿ ಇಟ್ಟಿದ್ದರು.

"ಇದು ಬ್ಯಾಡ್ರಿ ಮೇಡಮ್," ಎಂದಳು ಇಂದುಮತಿ. "ನನಗ ಒಂದ ಕೇಳೂದೈತಿ. ನಾ ಮಾಡಿದ್ದು ತಪ್ಪೇನ್ರಿ?"

ಜುಬೇದಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಪ್ರಶ್ನೆ ಈಗ ಯಾರೂ ಕೇಳೂದಿಲ್ಲವ್ವಾ. ಮೊದಲ ಕೇಳತಿದ್ದರು. ಬಚಾವಾಗಲಿಕ್ಕೆ ಎರಡು ದಾರಿ ಇದ್ದವು. ಒಂದು, ನಾ ಮಾಡಿದ್ದು ತಪ್ಪು ಖರೆ, ಆದರ ನನ್ನ ಮ್ಯಾಲ ಹೊರಸಬ್ಯಾಡ್ರಿ, ಆಗ ನನ್ನ ಬುದ್ಧಿ ನನ್ನ ಕೈಯಾಗ ಇರಲಿಲ್ಲ. ಇದು ಕ್ಷಮೆ. ಇನ್ನೊಂದು, ನಾ ಮಾಡಿದ್ದು ತಪ್ಪೇ ಅಲ್ಲ, ಆ ಜಾಗಾದಾಗ ಅದ ಸರಿ ಇತ್ತು. ಇದಕ್ಕ ಸಮರ್ಥನೆ ಅಂತಿದ್ದರು. ಪುಸ್ತಕದಾಗ ಹಡಗಿನ ಕಪ್ತಾನನ ಉದಾಹರಣೆ ಐತಿ. ಎದುರಿಗೆ ಮೂವತ್ತ ಮಂದಿ ಇರೋ ದೋಣಿ. ಹಾದಿ ತಿರುಗಿಸಿದರ ಇಬ್ಬರು ಇರೋ ದೋಣಿಗೆ ತಾಗಬಹುದು. ಆ ಇಬ್ಬರಿಗೆ ಕೇಡು ಮಾಡೂ ಮನಸ್ಸು ಇಲ್ಲದಂಗ, ಮೂವತ್ತ ಮಂದಿ ಸಲುವಾಗಿ ಅವ ತಿರುಗಿಸಿದ್ದರ ಅದು ಅಪರಾಧ ಅಲ್ಲ."

"ಆ ಕಾನೂನ ತಗದಾರೇನ್ರಿ?"

"ತಗದಿಲ್ಲ. ಮರತಾರ. ಅಂಕ ಬಂದರ ಮನಿಗೆ ಹೋಗಬಹುದು ಅಂದಮ್ಯಾಲ ಯಾರು ವಾದ ಮಾಡತಾರ?"

"ಹಂಗಾದರ ನೀವ ಮಾಡ್ರಿ."

"ಸೋತರ ದೊಡ್ಡ ಶಿಕ್ಷೆ ಆಗತೈತಿ. ಕಡಿಮಿ ಮಾಡ್ರಿ ಅಂತ ಕೇಳಾಕ ಬಾಯಿ ಇರಂಗಿಲ್ಲ."

"ಆಗಲಿ."

ಜುಬೇದಾ ತುಂಬಿಟ್ಟಿದ್ದ ಅರ್ಜಿಯನ್ನು ಎರಡಾಗಿ ಹರಿದರು. ಆಮೇಲೆ ಎದ್ದು ಕಪಾಟಿನ ಮೇಲಿನ ಪುಸ್ತಕಗಳ ಧೂಳು ಕೊಡವತೊಡಗಿದರು.

ವಿಚಾರಣೆಗೆ ವಾರವಿದ್ದಾಗ ಒಂದು ಭಾನುವಾರ ಬೆಳಿಗ್ಗೆ ಅನಸೂಯಾ ಬಿರಾದಾರ ಇಂದುಮತಿಯ ಮನೆಗೆ ಬಂದರು. ಸತ್ತ ಶಿಕ್ಷಕರ ಹೆಂಡತಿ. ಗುರುಸಿದ್ಧ ಗಾಬರಿಯಾಗಿ ಕುರ್ಚಿ ಎಳೆದುಕೊಟ್ಟ. ಆಕೆ ಕೂರಲಿಲ್ಲ.

"ನೀ ಎರಡು ಸಲ ಫೋನ್ ಮಾಡಿದ್ದಿ ಅಂತ ಪೊಲೀಸರು ಹೇಳಿದರು," ಎಂದರು.

"ಹೌದ್ರಿ."

"ನಾ ಮಾಳಿಗಿ ಮ್ಯಾಲ ಸಂಡಿಗಿ ಒಣಾ ಹಾಕಾಕ ಹೋಗಿದ್ದೆ. ಫೋನ್ ಒಳಗಿತ್ತು. ನಾ ಕೆಳಗ ಇದ್ದಿದ್ದರ ಏನ ಹೇಳತಿದ್ದಿ?"

"ಹತ್ತು ನಿಮಿಷದಾಗ ಲೈಟ್ ತಗೀತೀನಿ, ಅವರನ್ನ ಆಸ್ಪತ್ರೆಗೆ ಕರಕೊಂಡ ಹೋಗ್ರಿ ಅಂತ ಹೇಳತಿದ್ದೆ."

"ತಗೀಬ್ಯಾಡ ಅಂತ ನಾ ಕಾಲ ಬಿದ್ದಿದ್ದರ?"

ಗುರುಸಿದ್ಧ ಹೆಂಡತಿಯನ್ನೇ ನೋಡುತ್ತಿದ್ದ, ಏನಾದರೂ ಮೆತ್ತಗೆ ಹೇಳಲಿ ಎಂಬಂತೆ.

"ಆದರೂ ತಗೀತಿದ್ದೆ," ಎಂದಳು ಇಂದುಮತಿ.

ಅನಸೂಯಾ ಗೋಡೆಗೆ ಕೈ ಊರಿದರು. ಕಣ್ಣಲ್ಲಿ ನೀರಿರಲಿಲ್ಲ. "ನಿನ್ನ ಇಲಾಖೆಯವರು ಬಂದು ಹೇಳಿದರು, ಆಕಿಗೆ ಆವತ್ತ ತಲಿ ಸರಿ ಇರಲಿಲ್ಲ, ಹಂಗಂತ ಕೋರ್ಟಿನಾಗ ಬರೀತಾರ, ನೀವೂ ಒಪ್ಪಿಬಿಡ್ರಿ ಅಂತ. ನಲವತ್ತಾರು ವರ್ಷ ಬಾಳೇವು ಮಾಡಿದ ಮನಷ್ಯಾ. ತಲಿ ಕೆಟ್ಟವಳ ಕೈಯಾಗ ಸುಮ್ಮನ ಸತ್ತ ಅಂತ ಬರಸಲೇನು? ನಾ ನಿನ್ನ ಕ್ಷಮಿಸಂಗಿಲ್ಲ ತಂಗಿ. ನನ್ನಿಂದ ಆಗಂಗಿಲ್ಲ. ಆದರ ಸುಳ್ಳ ಹೇಳಬ್ಯಾಡ. ಎಲ್ಲಾ ನೋಡಿ ತಿಳದು ಮಾಡೀದಿ. ಹಂಗ ಹೇಳು."

"ಹಂಗ ಹೇಳತೀನ್ರಿ."

ಆಕೆ ಹೋದ ಮೇಲೆ ಗುರುಸಿದ್ಧ ಬಹಳ ಹೊತ್ತು ಅಂಗಳದಲ್ಲೇ ನಿಂತಿದ್ದ. ಒಳಗೆ ಬಂದವನು ಕೋಚಿಂಗಿನ ಮಾತು ಮತ್ತೆ ಎತ್ತಲಿಲ್ಲ.

ಜಿಲ್ಲಾ ನ್ಯಾಯಾಲಯದಲ್ಲಿ ವಿಚಾರಣೆ ಎರಡೇ ದಿನ ನಡೆಯಿತು. ಸರ್ಕಾರಿ ವಕೀಲರು ಅಂಕದ ಪಟ್ಟಿಯನ್ನು ಎತ್ತಿ ಹಿಡಿದರು. ಈ ಜಿಲ್ಲೆಯಲ್ಲಿ ಕೊಲೆಗಾರರಿಗೂ ಇಷ್ಟು ಕಡಿಮೆ ಅಂಕ ಬಂದಿಲ್ಲ, ಆರೋಪಿ ತಣ್ಣನೆಯ ಮನಸ್ಸಿನಿಂದ ಒಬ್ಬರನ್ನು ಆರಿಸಿ ಸಾವಿಗೆ ದೂಡಿದ್ದಾಳೆ ಎಂದರು. ಜುಬೇದಾ ಸಮರ್ಥನೆಯ ಕಾನೂನು ಓದಿದರು. ಕಿರಿಯ ವಕೀಲರು ಅದನ್ನು ಮೊದಲ ಸಲ ಕೇಳುತ್ತಿದ್ದರು.

ನ್ಯಾಯಾಧೀಶರು ಇಂದುಮತಿಯನ್ನೇ ಕೇಳಿದರು. "ಆ ಮನೆಯಲ್ಲಿ ರೋಗಿ ಇದ್ದಾರೆಂದು ನಿಮಗೆ ಗೊತ್ತಿತ್ತೆ?"

"ಗೊತ್ತಿತ್ರಿ."

"ಅವರು ಸಾಯಬಹುದೆಂದು ಅನಿಸಿತ್ತೆ?"

"ಅನಿಸಿತ್ರಿ. ಬ್ಯಾಟರಿ ನಲವತ್ತು ನಿಮಿಷ ಅಂತ ಇತ್ತು, ಉಳಿತಾರ ಅಂತ ಲೆಕ್ಕಾ ಹಾಕಿದೆ. ಆದರ ಲೆಕ್ಕಾ ತಪ್ಪಬಹುದು ಅಂತನೂ ಗೊತ್ತಿತ್ತು."

"ಕೈ ನಡುಗಲಿಲ್ಲವೇ?"

"ಸಾಹೇಬ್ರ, ಹದಿನೇಳು ವರ್ಷ ಆ ಖುರ್ಚಿಯೊಳಗ ಕುಂತಿದ್ದು ಕೈ ನಡುಗಬಾರದು ಅಂತನ. ನಡುಗಿದ್ದರ ನೀವು ನನ್ನ ಬಿಡತಿದ್ದಿರಿ. ಗಟ್ಟಿ ನಿಂತಿದ್ದಕ್ಕ ಜೇಲಿಗೆ ಕಳಸ್ತೀರಿ. ಇದರಾಗ ಏನ ನ್ಯಾಯ ಐತಿ ಅಂತ ನನಗ ತಿಳೀವಲ್ದು. ನಾ ಕ್ಷಮೆ ಕೇಳಾಕ ಬಂದಿಲ್ರಿ. ನಾ ಮಾಡಿದ್ದು ಸರಿಯೋ ತಪ್ಪೋ ಅಂತ ಹೇಳ್ರಿ. ಅಷ್ಟ ಕೇಳಾಕ ಬಂದೇನಿ."

ನ್ಯಾಯಾಧೀಶರು ಆರು ವರ್ಷದ ಶಿಕ್ಷೆ ಬರೆದರು. ಅಂಕದ ಪದ್ಧತಿ ಬಂದ ಮೇಲೆ ಹಳೆಯ ಸಮರ್ಥನೆಗೆ ಜೀವವಿದೆಯೇ ಎಂಬುದನ್ನು ತೀರ್ಮಾನಿಸುವ ಅಧಿಕಾರ ತಮಗಿಲ್ಲ, ಮೇಲಿನ ನ್ಯಾಯಾಲಯವೇ ಹೇಳಬೇಕು ಎಂದರು. ಓದುವಾಗ ಅವರು ತಲೆಯೆತ್ತಲಿಲ್ಲ.

ಸೆರೆಮನೆಯಲ್ಲಿ ಇಂದುಮತಿಗೆ ಅಡುಗೆಮನೆಯ ಕೆಲಸ ಕೊಟ್ಟರು. ಮೂರು ತಿಂಗಳಿಗೊಮ್ಮೆ ಮರುಪರೀಕ್ಷೆಗೆ ಒಪ್ಪಿಗೆ ಇದೆಯೇ ಎಂಬ ಕಾಗದ ಬರುತ್ತಿತ್ತು. ಎಪ್ಪತ್ತು ದಾಟಿದರೆ ಆಗಲೂ ಮನೆಗೆ ಹೋಗಬಹುದಿತ್ತು. ಪ್ರತಿ ಸಲವೂ ಅವಳು ಇಲ್ಲ ಎಂದು ಬರೆದು ಕೊಟ್ಟಳು. ಎಲ್ಲ ದಿನವೂ ಒಂದೇ ಥರ ಇರಲಿಲ್ಲ. ನಾಲ್ಕನೆಯ ಕಾಗದ ಬಂದಾಗ ಗುರುಸಿದ್ಧ ಕಾಮಾಲೆಯಾಗಿ ಹಾಸಿಗೆ ಹಿಡಿದಿದ್ದ. ಅವಳು ಪೆನ್ನು ಹಿಡಿದು ಒಂದು ಗಂಟೆ ಕೂತಿದ್ದಳು. ಒಪ್ಪಿಗೆ ಎಂದು ಬರೆಯಬೇಕೆನಿಸಿತು. ಆ ಮಧ್ಯಾಹ್ನವನ್ನು ನೆನಪಿಸಿಕೊಂಡಳು. ನರ್ಸಿನ ದನಿ, ಕೆಂಪಕ್ಷರ, ಎತ್ತದ ಫೋನು, ಕೈಯಲ್ಲಿನ ಬಾಟಲಿಯ ತೂಕ, ಎಲ್ಲವೂ ಇದ್ದ ಹಾಗೆಯೇ ಇದ್ದವು. ಒಬ್ಬರು ಸತ್ತಿದ್ದಾರೆ ಎನ್ನುವ ಭಾರವೂ ಹಾಗೆಯೇ ಇತ್ತು. ಇದನ್ನು ಕೆಡಿಸಿಕೊಂಡರೆ ಬಿರಾದಾರರು ಯಾಕೆ ಸತ್ತರೆಂದು ಬಲ್ಲವರು ಯಾರೂ ಉಳಿಯುವುದಿಲ್ಲ ಎನಿಸಿತು. ಇಲ್ಲ ಎಂದು ಬರೆದಳು.

ಆ ವಾರ ಭೇಟಿಗೆ ಸಿಂಚನಾ ಒಬ್ಬಳೇ ಬಂದಳು.

"ಅಪ್ಪ ಈಗ ಗಂಜಿ ಕುಡ್ಯಾಕತ್ತಾನ. ನೀ ಚಿಂತಿ ಮಾಡಬ್ಯಾಡ," ಎಂದಳು. ಆಮೇಲೆ ಕಂಬಿಯ ಆಚೆಯಿಂದ ತಾಯಿಯ ಕೈ ಮುಟ್ಟಿ, "ಕಾಲೇಜಿನಾಗ ಈಗ ಯಾರಾದರೂ ಕಲ್ಲ ಎದಿ ಅಂದರ, ಹೌದು, ಅದಕ್ಕ ಹದಿನೆಂಟು ಕೂಸು ಉಳದಾವ ಅಂತೀನವ್ವಾ," ಎಂದಳು.

ಹದಿನಾರು ತಿಂಗಳ ಮೇಲೆ ಉಚ್ಚ ನ್ಯಾಯಾಲಯದ ಪೀಠ ಕಲಬುರಗಿಯಲ್ಲಿ ಜುಬೇದಾ ಹಾಕಿದ್ದ ಮೇಲ್ಮನವಿಯ ತೀರ್ಪು ಓದಿತು. ಇಂದುಮತಿಯನ್ನು ಪೊಲೀಸ್ ವ್ಯಾನಿನಲ್ಲಿ ಕರೆತಂದಿದ್ದರು. ಹಿಂದಿನ ಬೆಂಚುಗಳಲ್ಲಿ ಕೂಸು ಎತ್ತಿಕೊಂಡ ತಾಯಂದಿರಿದ್ದರು. ಅವರಿಂದ ದೂರ, ಕಿಟಕಿಯ ಪಕ್ಕ ಅನಸೂಯಾ ಒಬ್ಬರೇ ಕೂತಿದ್ದರು.

ಹಿರಿಯ ನ್ಯಾಯಮೂರ್ತಿ ನಿಧಾನವಾಗಿ ಓದಿದರು. "ಅಂಕವು ಮನುಷ್ಯನ ಮನಸ್ಸಿನ ಒಳಗೆ ಏನಿತ್ತೆಂದು ಹೇಳುತ್ತದೆ. ಆತ ಮಾಡಿದ್ದು ಸರಿಯೋ ತಪ್ಪೋ ಎಂದು ಅದು ಹೇಳಲಾರದು. ಅದನ್ನು ತಿಳಿಯಬೇಕಾದರೆ ಆ ಕೊಠಡಿಯನ್ನು, ಆ ಹದಿನಾಲ್ಕು ನಿಮಿಷಗಳನ್ನು, ಬೇರೆ ದಾರಿ ಇತ್ತೇ ಇಲ್ಲವೇ ಎಂಬುದನ್ನು ನೋಡಬೇಕು. ನಾವು ನೋಡಿದ್ದೇವೆ. ಬೇರೆ ದಾರಿ ಇರಲಿಲ್ಲ. ತಡೆದ ಕೇಡು ಆದ ಕೇಡಿಗಿಂತ ಬಹಳ ದೊಡ್ಡದಿತ್ತು. ಚಿದಾನಂದ ಬಿರಾದಾರರ ಸಾವು ಸಣ್ಣದಲ್ಲ. ಅವರ ಹೆಸರನ್ನು ಈ ತೀರ್ಪಿನಲ್ಲಿ ಬರೆಯುತ್ತಿದ್ದೇವೆ, ಏಕೆಂದರೆ ಅವರ ಸಾವಿಗೆ ಕಾರಣ ಹುಚ್ಚಲ್ಲ, ಒಂದು ನಿರ್ಧಾರ. ಆ ನಿರ್ಧಾರ ಸರಿಯಾಗಿತ್ತು. ಮೇಲ್ಮನವಿದಾರಳು ಅಪರಾಧವನ್ನೇ ಮಾಡಿಲ್ಲ."

ಜುಬೇದಾ ಮುಖ ಮುಚ್ಚಿಕೊಂಡು ಅತ್ತರು. ಇಂದುಮತಿ ಅಳಲಿಲ್ಲ. ತಿರುಗಿ ಕಿಟಕಿಯ ಕಡೆ ನೋಡಿದಳು. ಅನಸೂಯಾ ಎದ್ದು, ಸೆರಗು ಹೊದ್ದುಕೊಂಡು ಹೊರಗೆ ನಡೆದರು.

ಮೂರು ವಾರದ ನಂತರ ಇಲಾಖೆಯ ಕಚೇರಿಯಿಂದ ಕೆಲಸಕ್ಕೆ ಮರಳುವ ಆದೇಶ ತೆಗೆದುಕೊಂಡು ಹೋಗಲು ಕರೆ ಬಂತು. ಗುಮಾಸ್ತ ಕೊಟ್ಟ ಹಾಳೆಯನ್ನು ಇಂದುಮತಿ ಕೌಂಟರಿನ ಮುಂದೆ ನಿಂತೇ ಓದಿದಳು. 'ಸದರಿ ನೌಕರರನ್ನು ಕ್ಷಮಿಸಿ ಪುನಃ ಸೇವೆಗೆ ತೆಗೆದುಕೊಳ್ಳಲಾಗಿದೆ' ಎಂದಿತ್ತು. ಅವಳು ಹಾಳೆಯನ್ನು ಕಿಂಡಿಯೊಳಗೆ ಹಿಂದಕ್ಕೆ ಸರಿಸಿದಳು.

"ಇದರಾಗ ಒಂದ ಶಬ್ದ ತಪ್ಪೈತ್ರಿ."

ಗುಮಾಸ್ತ ನೋಡಿದ. "ಕೇಸ್ ಮುಗಿಸಿ ಬಂದವರಿಗೆಲ್ಲಾ ಇದ ನಮೂನಿ ಕೊಡೂದ್ರಿ. ಕಂಪ್ಯೂಟರಿನಾಗ ಬ್ಯಾರೆ ಇಲ್ಲ."

"ಹಂಗಾದರ ಕೈಲೆ ಟೈಪ್ ಮಾಡ್ರಿ. ನನ್ನ ಯಾರೂ ಕ್ಷಮಿಸಿಲ್ಲ. ಕ್ಷಮಿಸೂವಂಥಾದ್ದು ನಾ ಏನೂ ಮಾಡಿಲ್ಲ."

"ಸಾಹೇಬ್ರು ಊಟಕ್ಕ ಹೋಗ್ಯಾರ್ರಿ. ಬರೂದು ತಡಾ ಆಗತೈತಿ. ಇವತ್ತ ಇದನ್ನ ತಗೊಂಡು ಹೋಗ್ರಿ, ಆಮ್ಯಾಲ ತಿದ್ದಿಸಿಕೊಂಡರಾತು."

"ಬರಲಿ. ನಾ ಇಲ್ಲೇ ಇರತೀನಿ," ಎಂದು ಇಂದುಮತಿ ಎದುರಿನ ಬೆಂಚಿನ ಮೇಲೆ ಕೂತಳು.

ಸಾಹೇಬರು ಮೂರೂವರೆಗೆ ಬಂದರು. ಹಾಳೆಯನ್ನೂ ಅವಳನ್ನೂ ನೋಡಿದರು. ನಿಯಮದ ಪುಸ್ತಕ ತರಿಸಿದರು, ಜಿಲ್ಲಾ ಕಚೇರಿಗೆ ಫೋನ್ ಹಚ್ಚಿದರು, ಇನ್ಯಾರಿಗೋ ಹಚ್ಚಿದರು. ಇಂದುಮತಿ ಕೂತೇ ಇದ್ದಳು. ಐದಕ್ಕೆ ಹತ್ತು ನಿಮಿಷವಿರುವಾಗ ಗುಮಾಸ್ತ ಹೊಸ ಹಾಳೆ ತಂದು ಕೊಟ್ಟ. ಅದರಲ್ಲಿ ಹೀಗಿತ್ತು: 'ಸದರಿ ನೌಕರರು ತಪ್ಪು ಮಾಡಿರುವುದಿಲ್ಲ. ಸೇವೆ ಮುಂದುವರಿಯುತ್ತದೆ.'

ಅವಳು ಎರಡು ಸಲ ಓದಿ ಸಹಿ ಹಾಕಿದಳು.